ಜಪಾನಿನ ಅನಿಮೆ ಪಶ್ಚಿಮಕ್ಕೆ ಹೋದ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅನಿಮೆ ಎಂದರೇನು? ಜಪಾನೀಯರೂ ಈ ಪದವನ್ನು ನಮ್ಮಂತೆಯೇ ಬಳಸುತ್ತಾರೆಯೇ?

ಇಲ್ಲ. ‘ಅನಿಮೆ’ ಎಂಬುದು ‘ಅನಿಮೇಷನ್’ ಎಂಬ ಇಂಗ್ಲಿಷ್ ಪದವನ್ನು ಜಪಾನೀಯರು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಮೊಟಕು ಮಾಡಿಕೊಂಡ ರೂಪ. ಅವರ ಮಟ್ಟಿಗೆ ಡಿಸ್ನಿಯ ಚಿತ್ರವೂ ಅನಿಮೆಯೇ. ಪದವು ಪಶ್ಚಿಮಕ್ಕೆ ಹೋದ ಮೇಲೆ ಅರ್ಥ ಕಿರಿದಾಗಿ, ಜಪಾನಿನಲ್ಲಿ ತಯಾರಾದದ್ದು ಮಾತ್ರ ಅನಿಮೆ ಎಂದಾಯಿತು. ಅದಕ್ಕೂ ಮೊದಲು ಅಮೆರಿಕದ ಅಭಿಮಾನಿಗಳು ‘ಜಪಾನಿಮೇಷನ್’ ಎನ್ನುತ್ತಿದ್ದರು. ಬ್ರಿಟನ್ನಿನಲ್ಲಂತೂ ಎಷ್ಟೋ ವರ್ಷ ‘ಮಾಂಗಾ’ ಎಂದೇ ಕರೆದರು. ಮಾಂಗಾ ಎಂದರೆ ಮುದ್ರಿತ ಚಿತ್ರಕಥೆ, ಚಲಿಸುವ ಚಿತ್ರವಲ್ಲ. ಈ ತಪ್ಪು ಹೇಗೆ ಹುಟ್ಟಿತೆಂಬುದು ‘ಅಕಿರಾ’ದ ಪ್ರಶ್ನೆಯಲ್ಲಿ ಬರುತ್ತದೆ.

ಅಮೆರಿಕಕ್ಕೆ ಮೊದಲು ಹೋದ ಅನಿಮೆ ಯಾವುದು?

ಬಹುತೇಕರು ‘ಆಸ್ಟ್ರೋ ಬಾಯ್’ ಎನ್ನುತ್ತಾರೆ. ದೂರದರ್ಶನದ ಧಾರಾವಾಹಿಗಳ ಮಟ್ಟಿಗೆ ಅದು ಸರಿ. ಆದರೆ ಚಿತ್ರಮಂದಿರಗಳ ಲೆಕ್ಕ ಹಿಡಿದರೆ ಅದಕ್ಕೂ ಎರಡು ವರ್ಷ ಮೊದಲು, 1961ರಲ್ಲಿಯೇ, ತೋಯೆ ಸ್ಟುಡಿಯೊದ ಮೂರು ಚಿತ್ರಗಳು ಅಮೆರಿಕದಲ್ಲಿ ಬಿಡುಗಡೆಯಾಗಿದ್ದವು. ಅವುಗಳಲ್ಲಿ ಒಂದು 1958ರಲ್ಲಿ ತಯಾರಾದ, ಬಿಳಿ ಸರ್ಪದ ಚೀನೀ ದಂತಕಥೆಯನ್ನು ಆಧರಿಸಿದ ‘ಹಾಕುಜಾದೆನ್’. ಅದು ಜಪಾನಿನ ಮೊದಲ ವರ್ಣಮಯ ಪೂರ್ಣಾವಧಿ ಅನಿಮೇಷನ್ ಚಿತ್ರ. ಮೂರೂ ಹೆಚ್ಚು ಸದ್ದು ಮಾಡಲಿಲ್ಲ. ಜಪಾನಿನಲ್ಲೊಂದು ಡಿಸ್ನಿ ಹುಟ್ಟಿಕೊಂಡಿದೆಯೆಂಬ ನಿರೀಕ್ಷೆಯಲ್ಲಿ ಅವನ್ನು ಮಾರಿದವರಿಗೆ ಆ ನಿರೀಕ್ಷೆಯೇ ಹೊರೆಯಾಗಿರಬೇಕು.

ಹಾಗಿದ್ದರೆ ‘ಆಸ್ಟ್ರೋ ಬಾಯ್’ ಏಕೆ ಗೆದ್ದಿತು?

ಗೆಲುವಿನ ಮೂಲ ಬಡತನದಲ್ಲಿದೆ. ಮಾಂಗಾ ಕಲಾವಿದ ಒಸಾಮು ತೆಜುಕಾ ಅವರ ಮುಶಿ ಪ್ರೊಡಕ್ಷನ್ ಸ್ಟುಡಿಯೊ ತಯಾರಿಸಿದ ‘ತೆತ್ಸುವಾನ್ ಅತೋಮು’ (ಇದೇ ‘ಆಸ್ಟ್ರೋ ಬಾಯ್’ನ ಮೂಲ ಹೆಸರು) ಧಾರಾವಾಹಿ 1963ರ ಜನವರಿ 1ರಂದು ಫುಜಿ ಟಿವಿಯಲ್ಲಿ ಆರಂಭವಾಯಿತು. ವಾರಕ್ಕೊಂದು ಅರ್ಧ ಗಂಟೆಯ ಕಂತನ್ನು ತಯಾರಿಸಿ ಕೊಡುವುದು ಆಗ ಬಹುತೇಕ ಅಸಾಧ್ಯವೆನಿಸಿದ್ದ ಕೆಲಸ. ತೆಜುಕಾ ಅದನ್ನು ಸಾಧ್ಯವಾಗಿಸಿದ್ದು ಚಿತ್ರಗಳ ಸಂಖ್ಯೆಯನ್ನು ಕಡಿಮೆ ಮಾಡಿ: ಸೆಕೆಂಡಿಗೆ ಸುಮಾರು ಎಂಟು ಚಿತ್ರಗಳು, ದೇಹ ಸ್ಥಿರವಾಗಿದ್ದು ಬಾಯಿ ಮಾತ್ರ ಆಡುವ ದೃಶ್ಯಗಳು, ಒಮ್ಮೆ ಬಿಡಿಸಿದ ಹಾರಾಟವನ್ನು ಜೋಪಾನವಾಗಿ ತೆಗೆದಿಟ್ಟು ಬೇರೆ ಕಂತುಗಳಲ್ಲಿ ಮತ್ತೆ ಬಳಸುವ ಉಳಿತಾಯದ ವಿಧಾನ. ಇಷ್ಟಾದರೂ ವಾಹಿನಿಯಿಂದ ಬರುತ್ತಿದ್ದ ಹಣ ತಯಾರಿಕೆಯ ವೆಚ್ಚಕ್ಕೆ ಸಾಲುತ್ತಿರಲಿಲ್ಲ. ಕೊರತೆಯನ್ನು ತುಂಬಲು ಉಳಿದಿದ್ದ ದಾರಿಗಳು ಎರಡು: ಆಟಿಕೆ, ಮಿಠಾಯಿಗಳಿಗೆ ಪಾತ್ರಗಳ ಹಕ್ಕನ್ನು ಮಾರುವುದು ಮತ್ತು ಹೊರದೇಶಕ್ಕೆ ಧಾರಾವಾಹಿಯನ್ನೇ ಮಾರುವುದು.

ಅಮೆರಿಕದಲ್ಲಿ ಎನ್‌ಬಿಸಿ ಜಾಲದ ವಿತರಣಾ ವಿಭಾಗ ಅದನ್ನು ಕೊಂಡಿತು. ಫ್ರೆಡ್ ಲ್ಯಾಡ್ ಎಂಬ ನಿರ್ಮಾಪಕರು ಇಂಗ್ಲಿಷ್ ಆವೃತ್ತಿಯನ್ನು ಸಿದ್ಧಪಡಿಸಿದರು. ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ, ಅಂದರೆ ಜಪಾನಿನಲ್ಲಿ ಆರಂಭವಾಗಿ ಒಂಬತ್ತು ತಿಂಗಳು ತುಂಬುವುದರೊಳಗೆ, ಅಮೆರಿಕದ ಸ್ಥಳೀಯ ವಾಹಿನಿಗಳಲ್ಲಿ ಪ್ರಸಾರ ಶುರುವಾಯಿತು. ಜಪಾನಿನಲ್ಲಿ ಒಟ್ಟು 193 ಕಂತುಗಳು ಬಂದರೆ ಇಂಗ್ಲಿಷಿಗೆ ಹೋದವು 104. ಸ್ವಂತವಾಗಿ ತಯಾರಿಸುವುದಕ್ಕಿಂತ ಕೊಳ್ಳುವುದು ಅಗ್ಗವೆಂಬುದಷ್ಟೇ ಅಮೆರಿಕದ ಕಡೆಯ ಲೆಕ್ಕಾಚಾರ. ಇತ್ತ ಮುಶಿ ಪ್ರೊಡಕ್ಷನ್‌ಗೆ ಆ ಹಣ ಜೀವದಾನವಾಯಿತು. ತೆಜುಕಾ ಅವರ ಮುಂದಿನ ಸಿಂಹದ ಕಥೆ, ಅಮೆರಿಕದಲ್ಲಿ ‘ಕಿಂಬಾ’ ಎಂದು ಹೆಸರಾದದ್ದು, ಬಣ್ಣದಲ್ಲಿ ತಯಾರಾಗಲು ಎನ್‌ಬಿಸಿಯ ಹಣವೇ ನೆರವಾಯಿತು. ಹಣದ ಜೊತೆಗೆ ಷರತ್ತುಗಳೂ ಬಂದವು. ಸಿಂಹದ ಮರಿ ಬೆಳೆದು ದೊಡ್ಡದಾಗಬಾರದು, ಕಥೆ ಮುಂದುವರಿಯುತ್ತ ಹೋಗಬಾರದು, ಯಾವ ಕಂತನ್ನು ಯಾವ ದಿನ ತೋರಿಸಿದರೂ ನಡೆಯುವಂತಿರಬೇಕು ಎಂದು ಎನ್‌ಬಿಸಿ ಬಯಸಿತು. ಮರಿಯೊಂದು ಬೆಳೆದು ರಾಜನಾಗುವುದೇ ಮೂಲಕಥೆಯ ಜೀವಾಳವಾಗಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು.

‘ದ ಲಯನ್ ಕಿಂಗ್’ ಈ ಕಿಂಬಾದ ನಕಲು ಎಂಬುದು ನಿಜವೇ?

1994ರಲ್ಲಿ ಡಿಸ್ನಿಯ ಚಿತ್ರ ತೆರೆಕಂಡಾಗ ಜಪಾನಿನ ನೂರಾರು ವ್ಯಂಗ್ಯಚಿತ್ರಕಾರರು ಮತ್ತು ಅನಿಮೇಷನ್ ಕಲಾವಿದರು, ಮಾಂಗಾ ಕಲಾವಿದೆ ಮಾಚಿಕೊ ಸಾತೊನಾಕಾ ಅವರ ಮುಂದಾಳ್ತನದಲ್ಲಿ, ಡಿಸ್ನಿ ಸಂಸ್ಥೆಗೆ ಬಹಿರಂಗ ಪತ್ರ ಬರೆದದ್ದು ನಿಜ. ಡಿಸ್ನಿ ಆರೋಪವನ್ನು ಒಪ್ಪಲಿಲ್ಲ. ತೆಜುಕಾ ಅವರ ಸಂಸ್ಥೆ ನ್ಯಾಯಾಲಯಕ್ಕೆ ಹೋಗಲಿಲ್ಲ. ಕೆಲವು ಹೋಲಿಕೆಗಳು ಕಣ್ಣಿಗೆ ಹೊಡೆಯುವಂತಿವೆ. ಆದರೆ ಅಂತರ್ಜಾಲದಲ್ಲಿ ಅಕ್ಕಪಕ್ಕ ಇಟ್ಟು ತೋರಿಸುವ ಚಿತ್ರಗಳಲ್ಲಿ ಕೆಲವು 1997ರ ಕಿಂಬಾ ಚಲನಚಿತ್ರದವು. ಮೂರು ವರ್ಷ ತಡವಾಗಿ ಬಂದದ್ದರಿಂದ ಕದಿಯುವುದು ಸಾಧ್ಯವಿಲ್ಲ. ಇದನ್ನು ಗಮನಿಸದೆ ತೀರ್ಪು ಕೊಡುವವರೇ ಹೆಚ್ಚು.

ಆ ಕಾಲದ ಮಕ್ಕಳಿಗೆ ತಾವು ನೋಡುತ್ತಿರುವುದು ಜಪಾನಿನದೆಂದು ತಿಳಿದಿತ್ತೇ?

ಹೆಚ್ಚಿನವರಿಗೆ ತಿಳಿದಿರಲಿಲ್ಲ, ತಿಳಿಯಬಾರದೆಂಬುದೇ ಮಧ್ಯವರ್ತಿಗಳ ಇಚ್ಛೆಯೂ ಆಗಿತ್ತು. ಪಾತ್ರಗಳ ಹೆಸರುಗಳು ಬದಲಾದವು, ಜಪಾನೀ ಬರಹವಿರುವ ಫಲಕಗಳು ಮಾಯವಾದವು, ತಯಾರಿಸಿದವರ ಹೆಸರುಗಳು ತೆರೆಯಿಂದ ಇಳಿದವು. 1967ರ ಕಾರು ಪಂದ್ಯದ ಧಾರಾವಾಹಿ ‘ಸ್ಪೀಡ್ ರೇಸರ್’ ಅನ್ನು ನೋಡಿ ಬೆಳೆದ ಅಮೆರಿಕನ್ನರಲ್ಲಿ ಎಷ್ಟೋ ಮಂದಿಗೆ ಅದು ಟೋಕಿಯೊದ ತಾತ್ಸುನೊಕೊ ಸ್ಟುಡಿಯೊದ ಕೃತಿ ಎಂಬುದು ಗೊತ್ತಾದದ್ದು ದೊಡ್ಡವರಾದ ಮೇಲೆ.

ವೇಷ ಬದಲಿಸುವ ಕೆಲಸ ಕೆಲವೊಮ್ಮೆ ಹಾಸ್ಯಾಸ್ಪದ ಮಟ್ಟ ಮುಟ್ಟಿತು. ಅದೇ ಸ್ಟುಡಿಯೊದ ‘ಗ್ಯಾಚಮನ್’ ಧಾರಾವಾಹಿ 1978ರಲ್ಲಿ ‘ಬ್ಯಾಟಲ್ ಆಫ್ ದ ಪ್ಲಾನೆಟ್ಸ್’ ಆಗಿ ಅಮೆರಿಕದಲ್ಲಿ ಪ್ರಸಾರವಾಯಿತು. ಮೂಲದ 105 ಕಂತುಗಳಲ್ಲಿ 85ನ್ನು ಬಳಸಿಕೊಂಡರು. ಭೂಮಿಯ ಮೇಲೆ ನಡೆಯುವ ಕಥೆಯನ್ನು ಬೇರೆ ಗ್ರಹಗಳಿಗೆ ಸಾಗಿಸಿದರು, ಸಾವು ಮತ್ತು ಹಿಂಸೆಯ ದೃಶ್ಯಗಳನ್ನು ಕತ್ತರಿಸಿದರು, ಕತ್ತರಿಸಿದ ಜಾಗದಲ್ಲಿ ಉಂಟಾದ ಖಾಲಿಯನ್ನು ತುಂಬಲು ಅಮೆರಿಕದಲ್ಲಿ ಹೊಸದಾಗಿ ಬಿಡಿಸಿದ ಒಂದು ರೋಬಾಟನ್ನು ತಂದು ಕೂರಿಸಿದರು. ‘ನಗರವನ್ನು ಮೊದಲೇ ತೆರವು ಮಾಡಲಾಗಿತ್ತು’ ಎಂಬಂಥ ಸಮಾಧಾನದ ಮಾತುಗಳನ್ನು ಹೇಳುವುದೇ ಆ ರೋಬಾಟಿನ ಕೆಲಸ. ಮರುವರ್ಷ ‘ಸ್ಟಾರ್ ಬ್ಲೇಜರ್ಸ್’ ಎಂದು ಬಂದ ‘ಯಮಾತೊ’ ಕಥೆಯಲ್ಲಿ ಬಾಹ್ಯಾಕಾಶ ನೌಕೆಯ ವೈದ್ಯನು ಸದಾ ಹೀರುತ್ತಿದ್ದ ಸಾಕೆ ಮದ್ಯವು ‘ಚಿಲುಮೆಯ ನೀರು’ ಆಯಿತು.

1985ರ ‘ರೋಬೋಟೆಕ್’ ಇನ್ನೂ ಮುಂದೆ ಹೋಯಿತು. ವಾರದ ಐದು ದಿನವೂ ಪ್ರಸಾರ ಮಾಡುವ ವ್ಯವಸ್ಥೆಗೆ 65 ಕಂತುಗಳಾದರೂ ಬೇಕಿತ್ತು. ಅದಕ್ಕೆ ಆಧಾರವಾದ ಜಪಾನಿನ ‘ಮ್ಯಾಕ್ರಾಸ್’ ಧಾರಾವಾಹಿಯಲ್ಲಿ ಇದ್ದದ್ದು 36. ಕಾರ್ಲ್ ಮೇಸೆಕ್ ಎಂಬ ನಿರ್ಮಾಪಕರು ಪರಸ್ಪರ ಸಂಬಂಧವೇ ಇಲ್ಲದ ಮೂರು ಧಾರಾವಾಹಿಗಳನ್ನು ಒಂದೇ ವಂಶದ ಮೂರು ತಲೆಮಾರಿನ ಕಥೆಯಂತೆ ಹೊಲಿದು 85 ಕಂತುಗಳನ್ನು ಮಾಡಿದರು. ಶುದ್ಧವಾದಿಗಳು ಇದನ್ನು ಇಂದಿಗೂ ಕ್ಷಮಿಸಿಲ್ಲ. ಆದರೆ ನನ್ನ ತಿಳಿವಳಿಕೆಯಲ್ಲಿ ಮೇಸೆಕ್ ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ಪ್ರೀತಿ, ಯುದ್ಧ, ಮುಖ್ಯ ಪಾತ್ರಗಳ ಮರಣ ಇವನ್ನೆಲ್ಲ ಅವರು ಉಳಿಸಿಕೊಂಡರು, ನಾಳೆ ಏನಾಗುವುದೋ ಎಂಬ ಕುತೂಹಲವನ್ನೂ ಉಳಿಸಿಕೊಂಡರು. ನೋಡುಗರಿಗೆ ಹಿಡಿಸಿದ್ದು ಅದೇ.

ಈ ಕಥೆ ಅಮೆರಿಕದಲ್ಲಿ ಮಾತ್ರ ನಡೆಯಿತೇ? ಯೂರೋಪಿನಲ್ಲಿ ಏನಾಯಿತು?

ಇಂಗ್ಲಿಷಿನಲ್ಲಿ ಓದುವ ನಮಗೆ ಅಮೆರಿಕದ ಕಥೆಯೇ ಪೂರ್ಣ ಕಥೆಯಾಗಿ ಕಾಣುತ್ತದೆ. ವಾಸ್ತವವಾಗಿ 1970ರ ದಶಕದ ಕೊನೆಯಿಂದ ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಬಹಳ ಹೆಚ್ಚು ಅನಿಮೆಯನ್ನು ನೋಡಿದರು.

ಮೊದಲ ಹೆಜ್ಜೆ ಸೌಮ್ಯವಾಗಿತ್ತು. ಸ್ವೀಡನ್ನಿನ ಪುಸ್ತಕವೊಂದರಿಂದ ಬಂದ ವೈಕಿಂಗ್ ಹುಡುಗ ವಿಕಿಯ ಕಥೆಯನ್ನು ಜರ್ಮನಿ, ಆಸ್ಟ್ರಿಯಾಗಳ ವಾಹಿನಿಗಳು ಜಪಾನಿನ ಸ್ಟುಡಿಯೊ ಜೊತೆ ಸೇರಿ ತಯಾರಿಸಿದವು. ಜರ್ಮನ್ ಮೂಲದ ಜೇನುನೊಣ ಮಾಯಾಳ ಕಥೆ ಅದರ ಬೆನ್ನಿಗೇ ಬಂದಿತು. 1974ರಲ್ಲಿ ಇಸಾವೊ ತಕಾಹಾತಾ ನಿರ್ದೇಶಿಸಿದ, ಹಯಾವೊ ಮಿಯಾಜಾಕಿ ದೃಶ್ಯವಿನ್ಯಾಸ ಮಾಡಿದ 52 ಕಂತುಗಳ ‘ಹೈಡಿ’ಯಂತೂ ಸ್ವಿಟ್ಜರ್ಲೆಂಡಿನ ಕಥೆಯೇ. ತಂಡದವರು ಮುಂಚಿತವಾಗಿ ಅಲ್ಲಿನ ಮೈಯೆನ್‌ಫೆಲ್ಡ್ ಸುತ್ತಮುತ್ತ ಓಡಾಡಿ ಹುಲ್ಲುಗಾವಲು, ಮನೆ, ಮೇಕೆಗಳನ್ನು ನೋಡಿಕೊಂಡು ಬಂದು ಚಿತ್ರ ಬಿಡಿಸಿದ್ದರು. ಹೀಗಾಗಿ ಸ್ಪೇನಿನ ಹಾಗೂ ಜರ್ಮನಿಯ ಮಕ್ಕಳು ತಮ್ಮದೇ ಖಂಡದ ಕಥೆಯನ್ನು ಟೋಕಿಯೊದ ಕೈಬರಹದಲ್ಲಿ ನೋಡಿದರು. ಅನ್ಯವೆಂಬ ಭಾವನೆಗೆ ಅಲ್ಲಿ ಎಡೆಯೇ ಇರಲಿಲ್ಲ.

ಗದ್ದಲ ಎದ್ದದ್ದು ಯಂತ್ರಮಾನವರು ಬಂದಾಗ. 1978ರ ಏಪ್ರಿಲ್‌ನಲ್ಲಿ ಇಟಲಿಯಲ್ಲಿ, ಜುಲೈ 3ರಂದು ಫ್ರಾನ್ಸಿನಲ್ಲಿ, ಗೋ ನಾಗಾಯ್ ಅವರ ‘ಗ್ರೆಂಡೈಜರ್’ ಪ್ರಸಾರವಾಗತೊಡಗಿತು. ಫ್ರೆಂಚರು ಅದನ್ನು ‘ಗೋಲ್ಡೊರಾಕ್’ ಎಂದು ಕರೆದರು. ಬೇಸಿಗೆ ರಜೆಯಲ್ಲಿ ಹೆಚ್ಚು ಯೋಚಿಸದೆ ಹಾಕಿದ್ದ ಆ ಧಾರಾವಾಹಿ ಕೆಲವೇ ತಿಂಗಳಲ್ಲಿ ದೇಶದ ಮನೆಮಾತಾಯಿತು. ಇಟಲಿಯಲ್ಲಿ ಇನ್ನೊಂದು ಕಾರಣವೂ ಕೂಡಿಕೊಂಡಿತ್ತು. 1976ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವು ಸ್ಥಳೀಯ ಖಾಸಗಿ ಪ್ರಸಾರಕ್ಕೆ ಅವಕಾಶ ಕೊಟ್ಟ ಮೇಲೆ ಊರೂರಿಗೆ ವಾಹಿನಿಗಳು ಹುಟ್ಟಿಕೊಂಡವು. ಅವಕ್ಕೆಲ್ಲ ದಿನವಿಡೀ ತೋರಿಸಲು ಏನಾದರೂ ಬೇಕಿತ್ತು, ಅದು ಅಗ್ಗವಾಗಿಯೂ ಇರಬೇಕಿತ್ತು. ಜಪಾನಿನ ಬಳಿ ಸಿದ್ಧವಾದ ಸಾವಿರಾರು ಕಂತುಗಳಿದ್ದವು.

ವಿರೋಧ ತಡವಾಗಲಿಲ್ಲ. ಇಟಲಿಯ ಸಂಸದ ಸಿಲ್ವೆರಿಯೊ ಕೊರ್ವಿಸಿಯೆರಿ ಪತ್ರಿಕೆಯಲ್ಲಿ ಟೀಕಿಸಿ ಬರೆದರು; 1980ರಲ್ಲಿ ಇಮೋಲಾ ಪಟ್ಟಣದ ಸುಮಾರು 600 ಪೋಷಕರು ಇಂಥ ಧಾರಾವಾಹಿಗಳ ವಿರುದ್ಧ ಮನವಿಗೆ ಸಹಿ ಹಾಕಿದರು. ಫ್ರಾನ್ಸಿನಲ್ಲಿ 1987ರಲ್ಲಿ ಆರಂಭವಾದ ‘ಕ್ಲಬ್ ಡೊರೊತೆ’ ಎಂಬ ಮಕ್ಕಳ ಕಾರ್ಯಕ್ರಮ ಹತ್ತು ವರ್ಷ ಅನಿಮೆಯ ಹೊಳೆಯನ್ನೇ ಹರಿಸಿತು. ಹದಿಹರೆಯದವರಿಗೆಂದು ಬರೆದ, ರಕ್ತ ಚಿಮ್ಮುವ ‘ಹೊಕುತೊ ನೊ ಕೆನ್’ ಅನ್ನೂ ಮಕ್ಕಳ ಹೊತ್ತಿನಲ್ಲಿ ತೋರಿಸಲಾಯಿತು. ಕಂಠದಾನ ಮಾಡುತ್ತಿದ್ದ ಕಲಾವಿದರು ಅದರ ಹಿಂಸೆಗೆ ಬೇಸತ್ತು ತಮಗೆ ತೋಚಿದ ಚೇಷ್ಟೆಯ ಮಾತುಗಳನ್ನು ಸೇರಿಸಿ ಅದನ್ನು ಹಾಸ್ಯವಾಗಿಸಿಬಿಟ್ಟರು. 1989ರಲ್ಲಿ ಸೆಗೊಲೆನ್ ರೊಯಾಲ್ ಮಕ್ಕಳ ದೂರದರ್ಶನವನ್ನು ಖಂಡಿಸಿ ಒಂದು ಪುಸ್ತಕವನ್ನೇ ಬರೆದರು. ಮುಂದೆ ಫ್ರಾನ್ಸಿನ ಅಧ್ಯಕ್ಷೀಯ ಚುನಾವಣೆಗೆ ಸ್ಪರ್ಧಿಸಿದವರು ಅವರೇ. ದೂರುಗಳಲ್ಲಿ ಒಂದಷ್ಟು ಹುರುಳಿತ್ತು, ಆದರೆ ತಪ್ಪು ಅನಿಮೆಯದಲ್ಲ. ಚಿತ್ರ ಬಿಡಿಸಿದ್ದೆಲ್ಲ ಮಕ್ಕಳದ್ದೇ ಎಂದು ತಿಳಿದು ವಯಸ್ಸು ನೋಡದೆ ಕೊಂಡು ತಂದವರದು. ಆ ಕಾರ್ಯಕ್ರಮ ನೋಡಿ ಬೆಳೆದ ಪೀಳಿಗೆಯೇ ಇಂದು ಫ್ರಾನ್ಸನ್ನು ಜಪಾನಿನ ಹೊರಗೆ ಮಾಂಗಾಕ್ಕೆ ಅತಿ ದೊಡ್ಡ ಮಾರುಕಟ್ಟೆಗಳಲ್ಲಿ ಒಂದಾಗಿಸಿದೆ.

ಅಭಿಮಾನಿಗಳು ಇದನ್ನೆಲ್ಲ ಕಂಡುಹಿಡಿದದ್ದು ಹೇಗೆ?

ಲಾಸ್ ಏಂಜಲೀಸ್ ಪ್ರದೇಶದಲ್ಲಿ ಜಪಾನೀ ಮೂಲದವರಿಗಾಗಿ ನಡೆಯುತ್ತಿದ್ದ ಪ್ರಸಾರದಲ್ಲಿ 1970ರ ದಶಕದ ನಡುವೆ ಯಂತ್ರಮಾನವರ ಧಾರಾವಾಹಿಗಳು ಇಂಗ್ಲಿಷ್ ಉಪಶೀರ್ಷಿಕೆಗಳೊಂದಿಗೆ ಬರುತ್ತಿದ್ದವು. ಅದೇ ಹೊತ್ತಿಗೆ ಮನೆಯಲ್ಲಿ ಧ್ವನಿಮುದ್ರಿಸಿಕೊಳ್ಳುವಂತೆ ದೃಶ್ಯವನ್ನೂ ಮುದ್ರಿಸಿಕೊಳ್ಳುವ ಯಂತ್ರ ಬಂದಿತು. ಇವೆರಡೂ ಕೂಡಿದಲ್ಲಿ, 1977ರ ಮೇ ತಿಂಗಳಲ್ಲಿ, ಫ್ರೆಡ್ ಪ್ಯಾಟನ್ ಮತ್ತು ಗೆಳೆಯರು ಸೇರಿ ಅಮೆರಿಕದ ಮೊದಲ ಅನಿಮೆ ಅಭಿಮಾನಿ ಸಂಘವನ್ನು ಕಟ್ಟಿದರು. ಜಪಾನಿನಲ್ಲಿದ್ದ ಗೆಳೆಯರಿಗೆ ಅಮೆರಿಕದ ವೈಜ್ಞಾನಿಕ ಕಲ್ಪನಾ ಧಾರಾವಾಹಿಗಳ ಕ್ಯಾಸೆಟ್ ಕಳಿಸಿ, ಪ್ರತಿಯಾಗಿ ಅನಿಮೆಯ ಕ್ಯಾಸೆಟ್ ತರಿಸಿಕೊಳ್ಳುವ ವಿನಿಮಯ ಬೆಳೆಯಿತು.

ಇಲ್ಲಿ ಒಂದು ತಾಂತ್ರಿಕ ಸಂಗತಿ ಬಹಳ ಮುಖ್ಯ. ಜಪಾನ್ ಮತ್ತು ಅಮೆರಿಕ ಎರಡೂ ಎನ್‌ಟಿಎಸ್‌ಸಿ ಎಂಬ ಒಂದೇ ಪ್ರಸಾರ ಪದ್ಧತಿಯನ್ನು ಬಳಸುತ್ತಿದ್ದವು. ಆದ್ದರಿಂದ ಟೋಕಿಯೊದಲ್ಲಿ ಮುದ್ರಿಸಿದ ಕ್ಯಾಸೆಟ್ ಕ್ಯಾಲಿಫೋರ್ನಿಯಾದ ಯಂತ್ರದಲ್ಲಿ ನೇರವಾಗಿ ಓಡುತ್ತಿತ್ತು. ಯೂರೋಪಿನಲ್ಲಿ, ನಮ್ಮಲ್ಲಿಯಂತೆಯೇ, ಬೇರೆ ಪದ್ಧತಿಗಳಿದ್ದುದರಿಂದ ಅಲ್ಲಿನ ಅಭಿಮಾನಿಗೆ ಈ ಅನುಕೂಲ ಇರಲಿಲ್ಲ. ಅಮೆರಿಕದಲ್ಲಿ ವಿನಿಮಯದ ಜಾಲ ಬೇಗ ಹಬ್ಬಿದ್ದಕ್ಕೆ ಇದೊಂದು ದೊಡ್ಡ ಕಾರಣ.

ಹೀಗೆ ಬಂದ ಕ್ಯಾಸೆಟ್‌ಗಳಲ್ಲಿ ಆರಂಭದಲ್ಲಿ ಭಾಷಾಂತರವೇ ಇರಲಿಲ್ಲ. ಕೂಟಗಳಲ್ಲಿ ಯಾರೋ ಒಬ್ಬರು ಎದ್ದು ನಿಂತು ಕಥೆಯನ್ನು ವಿವರಿಸುತ್ತಿದ್ದರು, ಇಲ್ಲವೇ ಕೈಯಲ್ಲಿ ಕಥಾಸಾರದ ಕಿರುಹೊತ್ತಗೆ ಹಿಡಿದು ನೋಡುತ್ತಿದ್ದರು. 1980ರ ದಶಕದ ಕೊನೆಯಲ್ಲಿ ಅಮಿಗಾ ಕಂಪ್ಯೂಟರಿಗೆ ‘ಜೆನ್‌ಲಾಕ್’ ಎಂಬ ಉಪಕರಣ ಜೋಡಿಸಿ, ಓಡುವ ಚಿತ್ರದ ಮೇಲೆ ಅಕ್ಷರ ಕೂರಿಸುವುದು ಮನೆಯಲ್ಲೇ ಸಾಧ್ಯವಾದಾಗ, ಅಭಿಮಾನಿಗಳೇ ಉಪಶೀರ್ಷಿಕೆ ಹಾಕಿದ ಕ್ಯಾಸೆಟ್‌ಗಳು ಅಂಚೆಯಲ್ಲಿ ಓಡಾಡತೊಡಗಿದವು. ಇವನ್ನೇ ‘ಫ್ಯಾನ್‌ಸಬ್’ ಎನ್ನುವುದು. ಖಾಲಿ ಕ್ಯಾಸೆಟ್ ಮತ್ತು ಅಂಚೆವೆಚ್ಚ ಕಳಿಸಿದರೆ ಪ್ರತಿ ಮಾಡಿ ಕಳಿಸುತ್ತಿದ್ದರು; ಮಾರಬಾರದು, ಬಾಡಿಗೆಗೆ ಕೊಡಬಾರದು, ಅಮೆರಿಕದಲ್ಲಿ ಯಾರಾದರೂ ಹಕ್ಕು ಕೊಂಡ ದಿನ ಹಂಚಿಕೆ ನಿಲ್ಲಿಸಬೇಕು ಎಂಬುದು ಅವರ ಅಲಿಖಿತ ಕಟ್ಟಳೆ. ಕಾನೂನಿನ ಕಣ್ಣಿನಲ್ಲಿ ಇದು ತಪ್ಪೇ. ಆದರೂ ಯಾವ ಕೃತಿಗೆ ಬೇಡಿಕೆ ಇದೆಯೆಂಬುದನ್ನು ಒಂದು ಪೈಸೆ ಖರ್ಚಿಲ್ಲದೆ ಮಾರುಕಟ್ಟೆಗೆ ತೋರಿಸಿಕೊಟ್ಟದ್ದು ಈ ಜಾಲವೇ. 1988ರಲ್ಲಿ ಹುಟ್ಟಿದ ಆ್ಯನಿಮೆಗೊ, 1992ರಲ್ಲಿ ಹ್ಯೂಸ್ಟನ್ನಿನಲ್ಲಿ ಆರಂಭವಾದ ಎಡಿವಿ ಮುಂತಾದ ಕಂಪನಿಗಳು ಈ ಅಭಿಮಾನಿ ಬಳಗದಿಂದಲೇ ಎದ್ದುಬಂದವು.

‘ಅಕಿರಾ’ಕ್ಕೆ ಇಷ್ಟು ಮಹತ್ವ ಏಕೆ?

ಅನಿಮೇಷನ್ ಎಂದರೆ ಮಕ್ಕಳದ್ದು ಎಂಬ ನಂಬಿಕೆಯನ್ನು ಅದು ಚಿತ್ರಮಂದಿರದಲ್ಲೇ ಮುರಿಯಿತು. ಕಟ್ಸುಹಿರೊ ಒಟೊಮೊ ತಮ್ಮದೇ ಮಾಂಗಾವನ್ನು ಆಧರಿಸಿ 1988ರಲ್ಲಿ ನಿರ್ದೇಶಿಸಿದ ಈ ಚಿತ್ರಕ್ಕೆ 1,60,000ಕ್ಕೂ ಹೆಚ್ಚು ಸೆಲ್‌ಗಳನ್ನು, ಅಂದರೆ ಬಣ್ಣ ತುಂಬಿದ ಪಾರದರ್ಶಕ ಹಾಳೆಗಳನ್ನು, ಬಳಸಲಾಯಿತು. ಜಪಾನಿನ ರೂಢಿಗೆ ವಿರುದ್ಧವಾಗಿ ಮಾತುಗಳನ್ನು ಮೊದಲೇ ಧ್ವನಿಮುದ್ರಿಸಿ, ತುಟಿಯ ಚಲನೆಯನ್ನು ಅದಕ್ಕೆ ಹೊಂದಿಸಿದರು. ಉಳಿತಾಯವನ್ನೇ ಕಲೆಯಾಗಿಸಿಕೊಂಡಿದ್ದ ಉದ್ಯಮವು ಖರ್ಚಿನ ವಿಷಯದಲ್ಲಿ ಕೈಬಿಚ್ಚಿದ ಅಪರೂಪದ ಸಂದರ್ಭವದು.

ಅಮೆರಿಕದಲ್ಲಿ 1989ರ ಕೊನೆಯಲ್ಲಿ ಅದನ್ನು ಬಿಡುಗಡೆ ಮಾಡಿದ್ದು, ಅಚ್ಚರಿಯೆಂದರೆ, ‘ರೋಬೋಟೆಕ್’ನ ಅದೇ ಕಾರ್ಲ್ ಮೇಸೆಕ್ ಅವರು ಜೆರಿ ಬೆಕ್ ಜೊತೆ ಕಟ್ಟಿದ ಸ್ಟ್ರೀಮ್‌ಲೈನ್ ಸಂಸ್ಥೆ. ಬ್ರಿಟನ್ನಿನಲ್ಲಿ 1991ರಲ್ಲಿ ಬಂದ ಇದರ ಕ್ಯಾಸೆಟ್ ಚೆನ್ನಾಗಿ ಮಾರಾಟವಾದದ್ದನ್ನು ನೋಡಿ ಹುಟ್ಟಿದ ಕಂಪನಿಯ ಹೆಸರು ‘ಮಾಂಗಾ ಎಂಟರ್‌ಟೇನ್‌ಮೆಂಟ್’. ಕಂಪನಿಯ ಹೆಸರೇ ಸರಕಿನ ಹೆಸರೂ ಆಗಿ, ಮೇಲೆ ಹೇಳಿದ ಗೊಂದಲ ಅಲ್ಲಿಂದ ಹರಡಿತು. ಆ ಕಂಪನಿ ಹಿಂಸೆ ಹೆಚ್ಚಿರುವ ಚಿತ್ರಗಳನ್ನೇ ಆರಿಸಿ ಪ್ರಚಾರ ಮಾಡಿದ್ದರಿಂದ, ಬ್ರಿಟಿಷರ ಮನಸ್ಸಿನಲ್ಲಿ ಅನಿಮೆ ಎಂದರೆ ರಕ್ತಪಾತ ಎಂಬ ಒಂಟಿ ಚಿತ್ರ ಕೆಲಕಾಲ ಕೂತುಬಿಟ್ಟಿತು. ಆದರೆ ಅದೇ ಕಂಪನಿ ಹಣ ಹೂಡಿದ್ದ, ಮಾಮೊರು ಒಶೀ ನಿರ್ದೇಶನದ ‘ಘೋಸ್ಟ್ ಇನ್ ದ ಶೆಲ್’ 1996ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ವಿಡಿಯೊ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಪೋಕೆಮಾನ್ ಬಂದಾಗ ಏನು ಬದಲಾಯಿತು?

ಪ್ರಮಾಣ ಬದಲಾಯಿತು. 1995ರಲ್ಲಿ ಬಂದ ‘ಸೈಲರ್ ಮೂನ್’ ಹೆಣ್ಣುಮಕ್ಕಳನ್ನು ನೋಡುಗರ ಬಳಗಕ್ಕೆ ಕರೆತಂದಿತ್ತು. ಅದರ ಮೊದಲ ಭಾಗದ ಕೊನೆಯ ಎರಡು ಕಂತುಗಳಲ್ಲಿ ನಾಯಕಿಯ ಗೆಳತಿಯರು ಸಾಯುವುದರಿಂದ, ಅಮೆರಿಕದವರು ಎರಡನ್ನೂ ಒಂದಾಗಿ ಕುಗ್ಗಿಸಿ ‘ಸೆರೆಯಾದರು’ ಎಂದು ಹೇಳಿಸಿದರು. ‘ಡ್ರ್ಯಾಗನ್ ಬಾಲ್ ಜೀ’ ಕೂಡ ಇದೇ ಬಗೆಯ ಮುಜುಗರದೊಂದಿಗೆ ಬಂದಿತು: ಸತ್ತವರು ‘ಇನ್ನೊಂದು ಆಯಾಮ’ಕ್ಕೆ ಹೋಗುತ್ತಿದ್ದರು.

‘ಪೋಕೆಮಾನ್’ ಅಮೆರಿಕವನ್ನು ತಲುಪಿದ್ದು 1998ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಡಿಸೆಂಬರ್ 16ರಂದು ಜಪಾನಿನಲ್ಲಿ ಒಂದು ಕಂತಿನ ವೇಗದ ಕೆಂಪು–ನೀಲಿ ಮಿನುಗಿನಿಂದಾಗಿ ಸುಮಾರು 685 ಮಂದಿ ಆಸ್ಪತ್ರೆ ಸೇರಿ, ಪ್ರಸಾರ ನಾಲ್ಕು ತಿಂಗಳು ನಿಂತಿತ್ತು. ಆ ಸುದ್ದಿ ಧಾರಾವಾಹಿಗಿಂತ ಮೊದಲು ಪಶ್ಚಿಮವನ್ನು ಮುಟ್ಟಿತ್ತು. ಆದರೂ ಆಟ, ಇಸ್ಪೀಟಿನಂಥ ಎಲೆಗಳು, ಆಟಿಕೆ, ಧಾರಾವಾಹಿ ಎಲ್ಲವೂ ಒಂದನ್ನೊಂದು ಎಳೆದುಕೊಂಡು ಹೋದವು. 1999ರ ನವೆಂಬರ್‌ನಲ್ಲಿ ಬಂದ ಮೊದಲ ಚಲನಚಿತ್ರ ಅಮೆರಿಕದಲ್ಲಿ ಎಂಟೂವರೆ ಕೋಟಿ ಡಾಲರ್‌ಗಳಷ್ಟು ಗಳಿಸಿತು. ವೇಷ ಹಾಕುವ ಹಳೆಯ ಚಾಳಿ ಮಾತ್ರ ಉಳಿದೇ ಇತ್ತು. ಸತೋಶಿ ಎಂಬ ಹುಡುಗ ಆ್ಯಶ್ ಆದ. ಕೈಯಲ್ಲಿ ಕಣ್ಣಿಗೆ ಕಾಣುವಂತೆ ಅನ್ನದ ಉಂಡೆ ಹಿಡಿದ ಪಾತ್ರವೊಂದು ಅದನ್ನು ಜ್ಯಾಮ್ ತುಂಬಿದ ಡೋನಟ್ ಎಂದು ಹೊಗಳಿತು. ಆ ಸಂಭಾಷಣೆಯನ್ನು ನೆನೆದು ನಗದ ಅಭಿಮಾನಿ ಇಲ್ಲ.

1997ರಲ್ಲಿ ಆರಂಭವಾದ ಕಾರ್ಟೂನ್ ನೆಟ್‌ವರ್ಕ್‌ನ ‘ಟೂನಾಮಿ’ ಸಂಜೆಯ ಹೊತ್ತನ್ನು ಅನಿಮೆಗೆ ಕೊಟ್ಟಿತು. 2001ರ ಸೆಪ್ಟೆಂಬರ್ 2ರ ರಾತ್ರಿ ಅದೇ ವಾಹಿನಿಯಲ್ಲಿ ವಯಸ್ಕರ ವಿಭಾಗ ಶುರುವಾದಾಗ ಮೊದಲ ರಾತ್ರಿಯ ಪಟ್ಟಿಯಲ್ಲೇ ‘ಕೌಬಾಯ್ ಬಿಬಾಪ್’ ಎಂಬ ಅನಿಮೆ ಇತ್ತು.

ಮಿಯಾಜಾಕಿ ಅವರ ಚಿತ್ರಗಳನ್ನು ಕತ್ತರಿಸಲು ಬಿಡುವುದಿಲ್ಲ ಎನ್ನುತ್ತಾರಲ್ಲ, ಏಕೆ?

ಒಮ್ಮೆ ಕೈ ಸುಟ್ಟುಕೊಂಡ ಕಾರಣ. ಅವರ 1984ರ ‘ನೌಸಿಕಾ’ ಚಿತ್ರವನ್ನು ಮರುವರ್ಷ ಅಮೆರಿಕದಲ್ಲಿ ‘ವಾರಿಯರ್ಸ್ ಆಫ್ ದ ವಿಂಡ್’ ಎಂಬ ಹೆಸರಿನಲ್ಲಿ, ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಭಾಗವನ್ನು ಕಿತ್ತುಹಾಕಿ ಬಿಡುಗಡೆ ಮಾಡಿದರು. 1996ರಲ್ಲಿ ಡಿಸ್ನಿ ಜೊತೆ ಒಪ್ಪಂದವಾದಾಗ ಕತ್ತರಿ ಹಾಕುವಂತಿಲ್ಲ ಎಂಬುದು ಮಿಯಾಜಾಕಿ ಅವರ ಘಿಬ್ಲಿ ಸ್ಟುಡಿಯೊದ ಷರತ್ತಾಗಿತ್ತು. ‘ಪ್ರಿನ್ಸೆಸ್ ಮೊನೊನೊಕೆ’ಯನ್ನು ಮೊಟಕುಗೊಳಿಸಲು ಅಮೆರಿಕದ ವಿತರಕರು ಒತ್ತಾಯಿಸಿದಾಗ ಘಿಬ್ಲಿಯ ನಿರ್ಮಾಪಕ ತೊಶಿಯೊ ಸುಜುಕಿ ಆ ವಿತರಕರಿಗೆ ‘ಕತ್ತರಿ ಬೇಡ’ ಎಂಬ ಮಾತಿನೊಂದಿಗೆ ಒಂದು ಜಪಾನೀ ಕತ್ತಿಯನ್ನು ಉಡುಗೊರೆ ಕೊಟ್ಟರು. ಆ ಹಟ ಫಲಿಸಿತು: ‘ಸ್ಪಿರಿಟೆಡ್ ಅವೇ’ 2002ರಲ್ಲಿ ಬರ್ಲಿನ್ ಚಲನಚಿತ್ರೋತ್ಸವದ ‘ಚಿನ್ನದ ಕರಡಿ’ ಪ್ರಶಸ್ತಿಯನ್ನು ಇನ್ನೊಂದು ಚಿತ್ರದೊಂದಿಗೆ ಹಂಚಿಕೊಂಡು, 2003ರಲ್ಲಿ ಆಸ್ಕರ್ ಪಡೆಯಿತು. 2024ರಲ್ಲಿ ‘ದ ಬಾಯ್ ಅಂಡ್ ದ ಹೆರಾನ್’ ಎರಡನೆಯ ಆಸ್ಕರ್ ತಂದಿತು.

ಅಂತರ್ಜಾಲ ಬಂದ ಮೇಲೆ ವ್ಯಾಪಾರ ಕುಸಿಯಿತೇ, ಬೆಳೆಯಿತೇ?

ಎರಡೂ ಆಯಿತು, ಒಂದರ ಹಿಂದೆ ಒಂದು. ಡಿವಿಡಿಯ ಏರುಗಾಲದಲ್ಲಿ ಕಂಪನಿಗಳು ಹಕ್ಕುಗಳಿಗೆ ವಿಪರೀತ ಬೆಲೆ ತೆತ್ತವು. ಇತ್ತ ವೇಗದ ಸಂಪರ್ಕ ಬಂದು, ಜಪಾನಿನಲ್ಲಿ ಪ್ರಸಾರವಾದ ಕಂತು ಒಂದೆರಡು ದಿನದಲ್ಲಿ ಉಪಶೀರ್ಷಿಕೆಯೊಂದಿಗೆ ಪುಕ್ಕಟೆ ಸಿಗುವಂತಾಯಿತು. ಹಳೆಯ ಕಟ್ಟಳೆ ಮರೆತುಹೋಯಿತು. 2007ರಲ್ಲಿ ಜೆನಿಯಾನ್‌ನ ಅಮೆರಿಕ ಶಾಖೆ ವಹಿವಾಟು ನಿಲ್ಲಿಸಿತು. 2009ರಲ್ಲಿ ಸೆಂಟ್ರಲ್ ಪಾರ್ಕ್ ಮೀಡಿಯಾ ದಿವಾಳಿಯಾಯಿತು, ಎಡಿವಿ ತನ್ನ ಆಸ್ತಿ ಮಾರಿತು.

ಅಂತರ್ಜಾಲದಲ್ಲಿ ಅನಿಮೆ ತೋರಿಸುವ ಕ್ರಂಚಿರೋಲ್ 2006ರಲ್ಲಿ ಆರಂಭವಾದಾಗ ಬಳಕೆದಾರರು ಅನುಮತಿಯಿಲ್ಲದೆ ಏರಿಸಿದ ಕಂತುಗಳ ತಾಣವೇ ಆಗಿತ್ತು. 2009ರ ಜನವರಿಯಲ್ಲಿ ಅವನ್ನೆಲ್ಲ ತೆಗೆದುಹಾಕಿ, ಟಿವಿ ಟೋಕಿಯೊ ಜೊತೆಗಿನ ಒಪ್ಪಂದದ ಮೇಲೆ ‘ನರುಟೊ ಶಿಪ್ಪುಡೆನ್’ ಅನ್ನು ಜಪಾನಿನ ಪ್ರಸಾರದ ಬೆನ್ನಲ್ಲೇ ಕೊಡತೊಡಗಿತು. ಕಳ್ಳದಾರಿಗಿಂತ ರಾಜಮಾರ್ಗ ಸುಲಭವಾದರೆ ಜನ ದುಡ್ಡು ಕೊಡುತ್ತಾರೆಂಬುದು ಸಾಬೀತಾಯಿತು. 2021ರಲ್ಲಿ ಸೋನಿ ಅದನ್ನು 117.5 ಕೋಟಿ ಡಾಲರ್‌ಗೆ ಕೊಂಡು, ತನ್ನ ಕೈಯಲ್ಲಿ ಆಗಲೇ ಇದ್ದ ಫ್ಯುನಿಮೇಷನ್ ಎಂಬ ಅನಿಮೆ ವಿತರಣಾ ಕಂಪನಿಯ ಜೊತೆ ಸೇರಿಸಿತು. ಬಿಡಿಬಿಡಿಯಾಗಿದ್ದ ಮಾರುಕಟ್ಟೆ ಒಂದೇ ಮನೆಯ ಅಂಗಳವಾಗುತ್ತಿರುವುದು ನೋಡುಗರಿಗೆ ಒಳ್ಳೆಯದೆಂದು ನನಗೆ ಅನ್ನಿಸುವುದಿಲ್ಲ.

ಡಬ್ಬಿಂಗ್ ನೋಡಬೇಕೇ, ಉಪಶೀರ್ಷಿಕೆಯೇ?

ಪಶ್ಚಿಮದ ಅಭಿಮಾನಿಗಳ ಅತಿ ಹಳೆಯ ಜಗಳವಿದು. ಕತ್ತರಿ ಪ್ರಯೋಗದ ಕಾಲದಲ್ಲಿ ಉಪಶೀರ್ಷಿಕೆಯ ಪರ ನಿಲ್ಲುವುದೆಂದರೆ ಮೂಲಕೃತಿಯ ಪರ ನಿಂತಂತೆ ಇತ್ತು; ಇಂದು ಡಬ್ಬಿಂಗ್ ಪ್ರಾಮಾಣಿಕವಾಗಿರುವುದರಿಂದ ಅದು ಅಭಿರುಚಿಯ ಪ್ರಶ್ನೆ ಮಾತ್ರ. ಡಬ್ಬಿಂಗ್ ಬೇಕೇ ಬೇಡವೇ ಎಂಬುದನ್ನೇ ದಶಕಗಳ ಕಾಲ ಚರ್ಚಿಸಿದ ಕನ್ನಡಿಗರಿಗೆ ಈ ಜಗಳದ ಬಿಸಿ ಹೊಸದಲ್ಲ. ಅಂದಹಾಗೆ, ಭಾರತದ ಕಿರುತೆರೆಗೆ ಪೋಕೆಮಾನ್ ಬಂದದ್ದೂ ಅಮೆರಿಕದ ಆವೃತ್ತಿಯ ಮೂಲಕವೇ. ಆದ್ದರಿಂದ ನಮ್ಮ ಮಕ್ಕಳಿಗೂ ಆ ಹುಡುಗ ಆ್ಯಶ್, ಸತೋಶಿಯಲ್ಲ.

ಗಳಿಕೆಯಲ್ಲಿ ಚಿತ್ರ ಬಿಡಿಸುವವರ ಪಾಲೆಷ್ಟು?

ಕಡಿಮೆ. ಜಪಾನಿನ ಅನಿಮೇಷನ್ ಸಂಸ್ಥೆಗಳ ಒಕ್ಕೂಟದ ಲೆಕ್ಕದಂತೆ 2023ರಲ್ಲಿ ಅನಿಮೆಯ ಒಟ್ಟು ಮಾರುಕಟ್ಟೆ ಸುಮಾರು 3.35 ಲಕ್ಷ ಕೋಟಿ ಯೆನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು 1.72 ಲಕ್ಷ ಕೋಟಿ ಯೆನ್, ಹೊರದೇಶಗಳಿಂದ ಬಂದದ್ದು. ಆದರೆ ಸಾಮಾನ್ಯವಾಗಿ ಒಂದು ಧಾರಾವಾಹಿಗೆ ಹಣ ಹೂಡುವುದು ಪ್ರಕಾಶಕ, ವಾಹಿನಿ, ಸಂಗೀತ ಕಂಪನಿ, ಆಟಿಕೆ ಕಂಪನಿಗಳು ಸೇರಿದ ‘ತಯಾರಿಕಾ ಸಮಿತಿ’. ಹಕ್ಕುಗಳು ಸಮಿತಿಯವು. ಸ್ಟುಡಿಯೊ ಅದರಲ್ಲಿ ಪಾಲುದಾರನಲ್ಲದಿದ್ದರೆ ಗುತ್ತಿಗೆಯ ಮೊತ್ತ ಪಡೆದು ಸುಮ್ಮನಾಗಬೇಕು. ಕೃತಿ ಲೋಕವಿಖ್ಯಾತವಾದರೂ ಅದಕ್ಕೆ ಹೆಚ್ಚಿಗೆ ಏನೂ ಬರುವುದಿಲ್ಲ. ಇನ್ನು ಹಾಳೆಗೆ ಇಷ್ಟು ಎಂದು ದುಡಿಯುವ ಕಿರಿಯ ಕಲಾವಿದರ ಪಾಡನ್ನು ಹೇಳಬೇಕಾಗಿಲ್ಲ. ತೆಜುಕಾ ಅವರ ಮುಶಿ ಪ್ರೊಡಕ್ಷನ್ ಕೂಡ 1973ರಲ್ಲಿ ದಿವಾಳಿಯಾಯಿತು. 2018ರಿಂದ ನೆಟ್‌ಫ್ಲಿಕ್ಸ್ ಕೆಲವು ಸ್ಟುಡಿಯೊಗಳ ಜೊತೆ ನೇರ ಒಪ್ಪಂದ ಮಾಡಿಕೊಂಡದ್ದು ಈ ಏರ್ಪಾಟನ್ನು ಸ್ವಲ್ಪ ಅಲುಗಿಸಿದೆ, ಬುಡಮೇಲು ಮಾಡಿಲ್ಲ.

ಈಗಲೂ ಮೂಲವನ್ನು ಮರೆಮಾಚುತ್ತಾರೆಯೇ?

ಇಲ್ಲ, ಈಗ ಮೂಲವೇ ಮಾರಾಟದ ಗುರುತು. 2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್’ ಸರಣಿಯ ‘ಇನ್ಫಿನಿಟಿ ಕ್ಯಾಸಲ್’ ಅಮೆರಿಕದಲ್ಲಿ ಮೊದಲ ವಾರಾಂತ್ಯದಲ್ಲೇ ಸುಮಾರು 7 ಕೋಟಿ ಡಾಲರ್ ಗಳಿಸಿ, 1999ರಿಂದ ಪೋಕೆಮಾನ್ ಹೆಸರಿನಲ್ಲಿದ್ದ ಆರಂಭದ ದಾಖಲೆಯನ್ನು ಮುರಿಯಿತು. ಕಥೆ ನಡೆಯುವುದು ತೈಶೊ ಕಾಲದ, ಅಂದರೆ ಇಪ್ಪತ್ತನೆಯ ಶತಮಾನದ ಆರಂಭದ, ಜಪಾನಿನಲ್ಲಿ. ನಾಯಕನ ಹೆಸರು ತಂಜಿರೊ. ಒಂದು ಮುಂಗಟ್ಟಿನ ಫಲಕದ ಅಕ್ಷರವನ್ನೂ ಅಳಿಸಿಲ್ಲ, ಪಾತ್ರಗಳು ಅನ್ನದ ಉಂಡೆಯನ್ನು ಅನ್ನದ ಉಂಡೆ ಎಂದೇ ತಿನ್ನುತ್ತವೆ.